ಬಣ್ಣ ಹೋಯಿತು, ಆಮೇಲೆ?

ವಿದ್ಯುತ್ ಹರಿಸುವ ಪ್ಲಾಸ್ಟಿಕ್, ಬಿಸಿಲಿನಲ್ಲಿ ಕೊಳೆ ಕಳೆಯುವ ಪುಡಿ. ಈ ಎರಡು ವಿಷಯಗಳ ಬಗ್ಗೆ ಓದುಗರು ಕಳಿಸಿದ ಪತ್ರಗಳಲ್ಲಿ ಆಯ್ದ ಕೆಲವಕ್ಕೆ ವಸ್ತುವಿಜ್ಞಾನಿಯೊಬ್ಬರು ಇಲ್ಲಿ ಉತ್ತರಿಸಿದ್ದಾರೆ.

ಮೇಡಂ, ಪ್ಲಾಸ್ಟಿಕ್ ಅವಾಹಕ ಎಂದು ನಮ್ಮ ಪುಸ್ತಕದಲ್ಲಿದೆ. ಶಾಕ್ ಹೊಡೆಯದಿರಲಿ ಎಂದೇ ಅಲ್ಲವೇ ವೈರಿಗೆ ಪ್ಲಾಸ್ಟಿಕ್ ಹೊದಿಸುವುದು? ಹಾಗಿದ್ದರೆ ವಿದ್ಯುತ್ ಹರಿಸುವ ಪ್ಲಾಸ್ಟಿಕ್ ಇರುವುದಾದರೂ ಹೇಗೆ?
– ದ್ವಿತೀಯ ಪಿಯುಸಿ ವಿದ್ಯಾರ್ಥಿನಿ, ಹಾಸನ

ನಿನ್ನ ಪುಸ್ತಕ ಹೇಳುವುದು ಸರಿಯಾಗಿಯೇ ಇದೆ. ವೈರಿನ ಮೇಲಿನ ಪಿವಿಸಿಯಲ್ಲಿ ಪ್ರತಿ ಇಂಗಾಲದ ಪರಮಾಣುವೂ ತನ್ನ ನಾಲ್ಕು ಎಲೆಕ್ಟ್ರಾನುಗಳನ್ನೂ ಏಕಬಂಧಗಳಲ್ಲಿ ಕಟ್ಟಿಹಾಕಿಕೊಂಡಿರುತ್ತದೆ. ಅಲುಗಾಡಬಲ್ಲ ಎಲೆಕ್ಟ್ರಾನೇ ಇಲ್ಲದ ಮೇಲೆ ಹರಿಯುವುದೇನು? ವಾಹಕ ಪಾಲಿಮರಿನ ಸರಪಳಿ ಬೇರೆ ರೀತಿಯದು. ಅಲ್ಲಿ ಒಂದು ಏಕಬಂಧ, ಒಂದು ದ್ವಿಬಂಧ, ಮತ್ತೆ ಏಕಬಂಧ, ಮತ್ತೆ ದ್ವಿಬಂಧ. ದ್ವಿಬಂಧದ ಎರಡನೆಯ ಜೋಡಿ ಎಲೆಕ್ಟ್ರಾನುಗಳಿಗೆ ಹಿಡಿತ ಸಡಿಲ. ಅವು ಸರಪಳಿಯ ಉದ್ದಕ್ಕೂ ಹರಡಿಕೊಂಡಿರುತ್ತವೆ.

ಇಷ್ಟಾದರೂ ಕರೆಂಟು ಹರಿಯುವುದಿಲ್ಲ, ಏಕೆಂದರೆ ಎಲ್ಲ ಜಾಗವೂ ಭರ್ತಿಯಾಗಿದೆ. ಮದುವೆ ಮನೆಯ ಊಟದ ಪಂಕ್ತಿ ನೆನಪಿಸಿಕೋ. ಎಲೆಗಳೆಲ್ಲ ತುಂಬಿದ್ದರೆ ಯಾರೂ ಜರುಗುವಂತಿಲ್ಲ. ಮಧ್ಯದಿಂದ ಒಬ್ಬರು ಎದ್ದರೆ ಪಕ್ಕದವರು ಆ ಜಾಗಕ್ಕೆ ಸರಿಯುತ್ತಾರೆ, ಅವರ ಜಾಗಕ್ಕೆ ಅವರ ಪಕ್ಕದವರು. ಹೀಗೆ ಖಾಲಿ ಜಾಗವೇ ಪಂಕ್ತಿಯ ಆ ತುದಿಯವರೆಗೆ ಸಾಗುತ್ತದೆ. ಅಯೊಡಿನ್‌ನಂತಹ ಒಂದು ರಾಸಾಯನಿಕ ಸರಪಳಿಯಿಂದ ಅಷ್ಟಿಷ್ಟು ಎಲೆಕ್ಟ್ರಾನುಗಳನ್ನು ಎತ್ತಿಕೊಂಡಾಗ ಆಗುವುದು ಇದೇ. ಇದಕ್ಕೆ ಡೋಪಿಂಗ್ ಎನ್ನುತ್ತೇವೆ.

ಇದು ತಿಳಿದುಬಂದ ಬಗೆಯನ್ನೂ ಹೇಳುತ್ತೇನೆ. ಜಪಾನಿನ ಹಿದೆಕಿ ಶಿರಾಕಾವಾ ಅವರ ಪ್ರಯೋಗಾಲಯದಲ್ಲಿ ಪಾಲಿಅಸೆಟಿಲೀನ್ ತಯಾರಿಸುವಾಗ ವೇಗವರ್ಧಕವನ್ನು ಬೇಕಾದ್ದಕ್ಕಿಂತ ಸುಮಾರು ಸಾವಿರ ಪಟ್ಟು ಹೆಚ್ಚು ಹಾಕಲಾಗಿತ್ತು. ಬರಬೇಕಾಗಿದ್ದ ಕಪ್ಪು ಪುಡಿಯ ಬದಲು ಬೆಳ್ಳಿಯ ಹೊಳಪಿನ ಹಾಳೆ ಬಂತು. ಶಿರಾಕಾವಾ ಅದನ್ನು ಎಸೆಯಲಿಲ್ಲ. ಜಪಾನಿಗೆ ಬಂದಿದ್ದ ಅಲನ್ ಮ್ಯಾಕ್‌ಡಯಾರ್ಮಿಡ್ ಆ ಹಾಳೆಯನ್ನು ನೋಡಿ ಅವರನ್ನು ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯಕ್ಕೆ ಕರೆಸಿಕೊಂಡರು. ಅಲ್ಲಿ ಭೌತವಿಜ್ಞಾನಿ ಅಲನ್ ಹೀಗರ್ ಜೊತೆಗೂಡಿದರು. ಹಾಳೆಗೆ ಅಯೊಡಿನ್ ಆವಿ ತಾಗಿಸಿದಾಗ ಅದರ ವಾಹಕತೆ ಕೋಟಿ ಪಟ್ಟು ಏರಿತು. 1977ರಲ್ಲಿ ಪ್ರಕಟವಾದ ಈ ಕೆಲಸಕ್ಕೆ 2000ದಲ್ಲಿ ಮೂವರಿಗೂ ರಸಾಯನ ವಿಜ್ಞಾನದ ನೊಬೆಲ್ ಬಂತು.

ನಾನು ದಿನನಿತ್ಯ ಕೆಲಸ ಮಾಡುವುದು ಪಾಲಿಅನಿಲೀನ್ ಎಂಬ ಇನ್ನೊಂದು ಪಾಲಿಮರಿನ ಜೊತೆ. ಇದು ಇನ್ನೂ ಹಳೆಯದು. ಲಂಡನ್ನಿನ ವೈದ್ಯ ಹೆನ್ರಿ ಲೆಥೆಬಿ 1862ರಲ್ಲೇ ಅನಿಲೀನ್ ದ್ರಾವಣಕ್ಕೆ ವಿದ್ಯುತ್ ಹಾಯಿಸಿ ನೀಲಿ-ಹಸಿರು ಪೊರೆಯೊಂದನ್ನು ಪಡೆದಿದ್ದರು. ಅದು ವಿದ್ಯುತ್ ಹರಿಸಬಲ್ಲದು ಎಂಬುದು ಆಗ ಯಾರಿಗೂ ಹೊಳೆದಿರಲಿಲ್ಲ. ಈಗಲೂ ಈ ಪಾಲಿಮರ್ ಆಗುವುದನ್ನು ನೋಡುವುದೆಂದರೆ ನನಗೆ ಆಸೆ. ಐಸ್ ತುಂಬಿದ ಟಬ್ಬಿನಲ್ಲಿ ಬೀಕರು, ಅದರಲ್ಲಿ ಆಮ್ಲ ಬೆರೆಸಿದ ಅನಿಲೀನ್, ನೀರಿನಷ್ಟೇ ತಿಳಿ. ಅಮೋನಿಯಂ ಪರ್‌ಸಲ್ಫೇಟನ್ನು ಹನಿಹನಿಯಾಗಿ ಬಿಡುತ್ತ ಹೋದರೆ ಸ್ವಲ್ಪ ಹೊತ್ತು ಏನೂ ಆಗದು. ಆಮೇಲೆ ನಸುಗುಲಾಬಿ, ಇದ್ದಕ್ಕಿದ್ದಂತೆ ಕಡುನೀಲಿ, ಥರ್ಮಾಮೀಟರಿನಲ್ಲಿ ಪಾದರಸದ ಏರಿಕೆ, ಕೊನೆಗೆ ಗಾಢ ಹಸಿರು. ಬೀಕರಿನ ಗೋಡೆಗೆ ಅಂಟಿದ ಪೊರೆಯನ್ನು ಓರೆಯಾಗಿ ನೋಡಿದರೆ ತಾಮ್ರದ ಹೊಳಪು. ಆ ಹಸಿರು ರೂಪ ವಾಹಕ. ಅದಕ್ಕೆ ಅಮೋನಿಯಾ ತಾಗಿಸಿದರೆ ನೀಲಿಯಾಗಿ ಅವಾಹಕವಾಗುತ್ತದೆ, ಮತ್ತೆ ಆಮ್ಲ ಕೊಟ್ಟರೆ ಹಸಿರು, ವಾಹಕ. ಅಮೋನಿಯಾ ಸೋರಿಕೆ ಪತ್ತೆ ಮಾಡುವ ಸೆನ್ಸರುಗಳಲ್ಲಿ ಈ ಗುಣವನ್ನೇ ಬಳಸಿಕೊಳ್ಳುತ್ತಾರೆ. ಅನಿಲೀನ್ ಮಾತ್ರ ವಿಷಕಾರಿ, ಚರ್ಮದ ಮೂಲಕವೂ ದೇಹ ಸೇರುತ್ತದೆ. ಕಾಲೇಜಿನಲ್ಲಿ ಫ್ಯೂಮ್ ಹುಡ್ ಇಲ್ಲದೆ ಇದನ್ನು ಮಾಡಲು ಹೋಗಬೇಡ.

ಮೂವತ್ತು ವರ್ಷ ವೈರಿಂಗ್ ಕೆಲಸ ಮಾಡಿದ್ದೇನೆ. ತಾಮ್ರದ ಬೆಲೆ ಏರುತ್ತಲೇ ಇದೆ. ಈ ಪ್ಲಾಸ್ಟಿಕ್ಕಿನ ವೈರ್ ಯಾವಾಗ ಬರುತ್ತದೆ?
– ಎಲೆಕ್ಟ್ರಿಷಿಯನ್, ದಾವಣಗೆರೆ

ಮನೆಯ ವೈರಿಂಗಿಗೆ ಬರುವುದಿಲ್ಲ. ಸಾಮಾನ್ಯವಾಗಿ ತಯಾರಿಸಿದ ಪಾಲಿಅನಿಲೀನಿಗಿಂತ ತಾಮ್ರ ಲಕ್ಷ ಪಟ್ಟಿಗೂ ಹೆಚ್ಚು ಚೆನ್ನಾಗಿ ವಿದ್ಯುತ್ ಹರಿಸುತ್ತದೆ. ಪಾಲಿಅಸೆಟಿಲೀನನ್ನು ಹಿಗ್ಗಿಸಿ ಎಳೆಗಳನ್ನು ಒಂದೇ ದಿಕ್ಕಿಗೆ ತಿರುಗಿಸಿ ತಾಮ್ರದ ಹತ್ತಿರಕ್ಕೆ ತಂದವರಿದ್ದಾರೆ, ಆದರೆ ಅದು ಗಾಳಿಗೆ ಒಡ್ಡಿದರೆ ಕೆಡುತ್ತದೆ. ಹಾಗೆಂದು ಈ ಪಾಲಿಮರುಗಳು ನಿಮ್ಮ ಕೈಗೆ ಸಿಕ್ಕಿಲ್ಲ ಎಂದುಕೊಳ್ಳಬೇಡಿ. ಕಂಪ್ಯೂಟರ್ ಮದರ್‌ಬೋರ್ಡ್ ಬಿಚ್ಚಿದರೆ ಕಾಣುವ ಸಾಲಿಡ್ ಕೆಪಾಸಿಟರುಗಳಲ್ಲಿ ಪೆಡಾಟ್ ಎಂಬ ವಾಹಕ ಪಾಲಿಮರ್ ಇರುತ್ತದೆ. ಹಿಂದೆ ಕ್ಯಾಮೆರಾ ರೀಲಿಗೆ ಸ್ಥಾಯೀ ವಿದ್ಯುತ್ತಿನ ಕಿಡಿ ತಾಗದಂತೆ ಬಳಿಯುತ್ತಿದ್ದದ್ದೂ ಅದನ್ನೇ. ತೆಳುವಾಗಿ ಬಳಿಯಬೇಕು, ಬಾಗಬೇಕು, ಅಷ್ಟಿಷ್ಟು ವಿದ್ಯುತ್ ಹರಿದರೆ ಸಾಕು ಎನ್ನುವಲ್ಲಿ ಇವುಗಳಿಗೆ ಸಾಟಿಯಿಲ್ಲ. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ಸಂಶೋಧನಾ ಕೇಂದ್ರದಲ್ಲಿ ಕೆ. ಎಸ್. ನಾರಾಯಣ್ ಅವರ ತಂಡ ಇಂತಹ ಪಾಲಿಮರ್ ಪೊರೆಯನ್ನು ಕಣ್ಣಿನ ಅಕ್ಷಿಪಟಲದ ಕೆಲಸಕ್ಕೆ ಒಗ್ಗಿಸುವ ದಿಕ್ಕಿನಲ್ಲಿ ಸಂಶೋಧನೆ ಮಾಡಿದೆ.

ದ್ಯುತಿಸಂಶ್ಲೇಷಣೆ ಗೊತ್ತು. ಈ ದ್ಯುತಿವೇಗವರ್ಧನೆ ಯಾವುದು? ಅದಕ್ಕೂ ವಿದ್ಯುತ್ ಹರಿಸುವ ಪ್ಲಾಸ್ಟಿಕ್ಕಿಗೂ ಏನು ನಂಟು?
– ನಿವೃತ್ತ ಮುಖ್ಯೋಪಾಧ್ಯಾಯರು, ಸಾಗರ

ಎರಡರಲ್ಲೂ ಬೆಳಕಿನಿಂದ ರಾಸಾಯನಿಕ ಕ್ರಿಯೆ ನಡೆಯುತ್ತದೆ ಸರ್, ಆದರೆ ಇಲ್ಲಿ ಎಲೆಯ ಜಾಗದಲ್ಲಿರುವುದು ಒಂದು ಅರೆವಾಹಕದ ಪುಡಿ. ಹೆಚ್ಚಾಗಿ ಟೈಟಾನಿಯಂ ಡಯಾಕ್ಸೈಡ್, ಅಂದರೆ ಗೋಡೆಯ ಬಿಳಿ ಪೇಂಟಿನಲ್ಲಿರುವುದೇ. ಅದರ ಅನಾಟೇಸ್ ಎಂಬ ರೂಪಕ್ಕೆ 3.2 ಎಲೆಕ್ಟ್ರಾನ್ ವೋಲ್ಟಿನಷ್ಟು ಶಕ್ತಿ ಅಂತರವಿದೆ. ಸುಮಾರು 387 ನ್ಯಾನೊಮೀಟರಿಗಿಂತ ಕಿರಿದಾದ ತರಂಗದ ಬೆಳಕು, ಎಂದರೆ ನೇರಳಾತೀತ ಕಿರಣ, ಬಿದ್ದಾಗ ಒಂದು ಎಲೆಕ್ಟ್ರಾನ್ ಆ ಅಂತರವನ್ನು ದಾಟಿ ಮೇಲಕ್ಕೆ ಹೋಗುತ್ತದೆ. ಕೆಳಗೆ ಒಂದು ಖಾಲಿ ಜಾಗ ಉಳಿಯುತ್ತದೆ. ಎಲೆಕ್ಟ್ರಾನ್ ಮೇಲ್ಮೈಗೆ ಬಂದು ಗಾಳಿಯ ಆಮ್ಲಜನಕವನ್ನು ಹಿಡಿದರೆ ಸೂಪರಾಕ್ಸೈಡ್ ಆಗುತ್ತದೆ. ಖಾಲಿ ಜಾಗ ನೀರಿನಿಂದ ಎಲೆಕ್ಟ್ರಾನನ್ನು ಕಿತ್ತುಕೊಂಡರೆ ಹೈಡ್ರಾಕ್ಸಿಲ್ ರ‍್ಯಾಡಿಕಲ್ ಹುಟ್ಟುತ್ತದೆ. ಈ ರ‍್ಯಾಡಿಕಲ್ ಎದುರಿಗೆ ಸಿಕ್ಕ ಹೆಚ್ಚುಕಡಿಮೆ ಎಲ್ಲ ಸಾವಯವ ಅಣುಗಳನ್ನೂ ಒಡೆಯಬಲ್ಲದು. ಸಾಕಷ್ಟು ಸಮಯ ಕೊಟ್ಟರೆ ಇಂಗಾಲದ ಡಯಾಕ್ಸೈಡ್ ಮತ್ತು ನೀರಿನವರೆಗೂ ಒಡೆಯುತ್ತದೆ. ಪುಡಿ ಮಾತ್ರ ಖರ್ಚಾಗುವುದಿಲ್ಲ.

ಪೇಂಟ್ ತಯಾರಕರಿಗೆ ಇದು ಬಹುಕಾಲ ತಲೆನೋವಾಗಿತ್ತು. ಬಿಸಿಲಿಗೆ ಬಿದ್ದ ಬಿಳಿ ಗೋಡೆಗೆ ಕೈ ಸವರಿದರೆ ಪುಡಿ ಹತ್ತುವುದಕ್ಕೆ ಒಂದು ಕಾರಣ, ಈ ಆಕ್ಸೈಡ್ ತನ್ನ ಸುತ್ತಲಿನ ಅಂಟನ್ನೇ ಒಡೆದುಹಾಕುವುದು. ಈಗ ಪೇಂಟಿಗೆ ಹಾಕುವ ಕಣಗಳಿಗೆ ಸಿಲಿಕಾ, ಅಲ್ಯೂಮಿನಾ ಹೊದಿಸಿ ಅವುಗಳ ಬಾಯಿ ಕಟ್ಟುತ್ತಾರೆ. ಆ ಕಾಟದಲ್ಲೂ ಉಪಯೋಗವಿದೆ ಎಂದು ಜಗತ್ತಿಗೆ ತೋರಿಸಿದವರು ಟೋಕಿಯೊ ವಿಶ್ವವಿದ್ಯಾಲಯದ ಅಕಿರಾ ಫುಜಿಶಿಮಾ ಮತ್ತು ಅವರ ಗುರು ಕೆನಿಚಿ ಹೋಂಡಾ. ನೀರಿನಲ್ಲಿ ಮುಳುಗಿಸಿದ ಟೈಟಾನಿಯಂ ಡಯಾಕ್ಸೈಡ್ ವಿದ್ಯುದ್ವಾರದ ಮೇಲೆ ಬೆಳಕು ಬಿಟ್ಟರೆ ನೀರು ಜಲಜನಕ, ಆಮ್ಲಜನಕಗಳಾಗಿ ಒಡೆಯುತ್ತದೆ ಎಂದು 1972ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದರು.

ಎರಡು ತೊಡಕುಗಳಿವೆ. ಭೂಮಿಗೆ ಬೀಳುವ ಬಿಸಿಲಿನಲ್ಲಿ ನೇರಳಾತೀತದ ಪಾಲು ನೂರಕ್ಕೆ ನಾಲ್ಕೈದು ಅಷ್ಟೆ. ಉಳಿದ ಬೆಳಕು ಈ ಬಿಳಿ ಪುಡಿಗೆ ಉಪಯೋಗವಿಲ್ಲ. ಜೊತೆಗೆ, ಮೇಲೆ ಹೋದ ಎಲೆಕ್ಟ್ರಾನುಗಳಲ್ಲಿ ಬಹುಪಾಲು ಯಾವ ಕೆಲಸವನ್ನೂ ಮಾಡದೆ ಕಣ್ಣು ಮಿಟುಕಿಸುವುದರೊಳಗೆ ಕೆಳಗಿಳಿದು ತಮ್ಮ ಖಾಲಿ ಜಾಗವನ್ನೇ ಮತ್ತೆ ಸೇರಿಬಿಡುತ್ತವೆ. ನಮ್ಮ ಪಾಲಿಮರು ಒದಗಿಬರುವುದು ಇಲ್ಲಿಯೇ. ಪಾಲಿಅನಿಲೀನ್, ಪಾಲಿಪಿರೋಲ್, ಪಾಲಿಥಯೊಫೀನ್ ಮೂರಕ್ಕೂ ಗಾಢ ಬಣ್ಣವಿದೆ, ಅಂದರೆ ಕಣ್ಣಿಗೆ ಕಾಣುವ ಬೆಳಕನ್ನೇ ಅವು ಹೀರುತ್ತವೆ. ಹೀರಿದಾಗ ಮೇಲೆದ್ದ ಎಲೆಕ್ಟ್ರಾನನ್ನು ಪಕ್ಕದ ಆಕ್ಸೈಡಿಗೆ ದಾಟಿಸುತ್ತವೆ. ನೇರಳಾತೀತ ಬೆಳಕಿನಲ್ಲಿ ಆಕ್ಸೈಡಿನಲ್ಲಿ ಹುಟ್ಟಿದ ಖಾಲಿ ಜಾಗವನ್ನು ತಮ್ಮ ಕಡೆಗೆ ಎಳೆದುಕೊಳ್ಳುತ್ತವೆ. ಎರಡೂ ಬೇರೆ ಬೇರೆ ಕಡೆ ಉಳಿದರೆ ಕೆಲಸಕ್ಕೆ ಸಮಯ ಸಿಗುತ್ತದೆ. ಇದೇ ರೀತಿ ಕೆಲಸ ಮಾಡುವ ಸತುವಿನ ಆಕ್ಸೈಡಿನಲ್ಲಿ, ಅಂದರೆ ಜಿಂಕ್ ಆಕ್ಸೈಡಿನಲ್ಲಿ, ಇನ್ನೊಂದು ಲಾಭವೂ ಇದೆ. ಬೆಳಕು ಬಿದ್ದಾಗ ಅದು ತಾನೇ ಸವೆದು ಕರಗುತ್ತದೆ. ಮೇಲೊಂದು ತೆಳ್ಳನೆಯ ಪಾಲಿಅನಿಲೀನ್ ಪೊರೆ ಇದ್ದರೆ ಆ ಸವೆತ ತಗ್ಗುತ್ತದೆ. ಪೊರೆ ದಪ್ಪವಾದರೆ ಮಾತ್ರ ಒಳಗೆ ಬೆಳಕೇ ಹೋಗುವುದಿಲ್ಲ, ಎಲ್ಲವೂ ವ್ಯರ್ಥ.

ನಮ್ಮ ನೆಲದ ಒಂದು ಕೆಲಸವನ್ನು ಇಲ್ಲಿ ನೆನೆಯಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೆ. ಸಿ. ಪಾಟೀಲರು 1980ರ ದಶಕದಲ್ಲಿ ದಹನ ಸಂಶ್ಲೇಷಣೆ ಎಂಬ ವಿಧಾನವನ್ನು ರೂಪಿಸಿದರು. ಲೋಹದ ನೈಟ್ರೇಟನ್ನು ಯೂರಿಯಾದಂತಹ ಇಂಧನದ ಜೊತೆ ನೀರಿನಲ್ಲಿ ಕರಗಿಸಿ ಬಿಸಿ ಕುಲುಮೆಯಲ್ಲಿಟ್ಟರೆ ದ್ರಾವಣ ಕುದಿದು, ನೊರೆಯೆದ್ದು, ಹೊತ್ತಿಕೊಂಡು ಕೆಲವೇ ನಿಮಿಷಗಳಲ್ಲಿ ಹಗುರವಾದ ಆಕ್ಸೈಡ್ ಪುಡಿ ಸಿದ್ಧ. ಅದೇ ಸಂಸ್ಥೆಯ ಎಂ. ಎಸ್. ಹೆಗ್ಡೆ, ಗಿರಿಧರ್ ಮದ್ರಾಸ್ ಮತ್ತು ಸಂಗಡಿಗರು ಈ ದಾರಿಯಲ್ಲಿ ಟೈಟಾನಿಯಂ ಡಯಾಕ್ಸೈಡ್ ತಯಾರಿಸಿ, ಬಣ್ಣಗಳನ್ನು ಒಡೆಯುವುದರಲ್ಲಿ ಅದು ಪೇಟೆಯ ಹೆಸರಾಂತ ಪುಡಿಗಿಂತ ಮುಂದಿದೆ ಎಂದು ತೋರಿಸಿದರು. ಕಡಿಮೆ ಸಲಕರಣೆಯ ಕಾಲೇಜು ಪ್ರಯೋಗಾಲಯಗಳಿಗೂ ಈ ವಿಧಾನ ಎಟುಕುತ್ತದೆ. ಅದು ನನಗೆ ಬಹಳ ದೊಡ್ಡ ವಿಷಯ.

ಮೇಡಂ ನಮಸ್ಕಾರ. ನಮ್ಮದು ಜೀನ್ಸ್ ವಾಷಿಂಗ್ ಯೂನಿಟ್. ನೀಲಿ ನೀರು ಹೊರಗೆ ಬಿಡುವಂತಿಲ್ಲ, ನೋಟಿಸು ಬರುತ್ತದೆ. ಒಬ್ಬರು ಬಂದು ‘ನ್ಯಾನೊ ಪುಡಿ’ ತೋರಿಸಿದರು. ತೊಟ್ಟಿಗೆ ಹಾಕಿ ಬಿಸಿಲಲ್ಲಿ ಬಿಟ್ಟರೆ ನೀರು ಶುದ್ಧವಾಗುತ್ತದಂತೆ. ನಮ್ಮೆದುರಿಗೇ ಬಾಟಲಿಯಲ್ಲಿ ಹಾಕಿ ತೋರಿಸಿದರು, ನಿಜವಾಗಿಯೂ ನೀರು ತಿಳಿಯಾಯಿತು. ಬೆಲೆ ಜಾಸ್ತಿ ಹೇಳುತ್ತಿದ್ದಾರೆ. ಕೊಳ್ಳಬಹುದೇ?
– ಘಟಕದ ಮಾಲೀಕರು, ಬಳ್ಳಾರಿ

ಈಗಲೇ ಕೊಳ್ಳಬೇಡಿ. ನೀರು ತಿಳಿಯಾದದ್ದನ್ನು ನೀವು ಕಣ್ಣಾರೆ ಕಂಡಿದ್ದೀರಿ, ಅದರಲ್ಲಿ ಸುಳ್ಳಿಲ್ಲ. ಬಣ್ಣ ಹೋಗುವುದಕ್ಕೆ ಮಾತ್ರ ಮೂರು ದಾರಿಗಳಿವೆ, ಅವುಗಳಲ್ಲಿ ನಿಮಗೆ ಬೇಕಾದದ್ದು ಒಂದೇ.

ಬಣ್ಣ ಪುಡಿಗೆ ಅಂಟಿಕೊಂಡು ತಳಕ್ಕೆ ಕೂತಿರಬಹುದು. ಇದ್ದಿಲಿನ ಪುಡಿ ಹಾಕಿದರೂ ಹಾಗೇ ಆಗುತ್ತದೆ. ಆಗ ಕೊಳೆ ನೀರಿನಿಂದ ಕೆಸರಿಗೆ ಹೋಯಿತೇ ಹೊರತು ಇಲ್ಲವಾಗಲಿಲ್ಲ. ಎರಡನೆಯದು, ಬಣ್ಣದ ಅಣುವಿನಲ್ಲಿ ಬಣ್ಣ ಕೊಡುವ ಭಾಗವಷ್ಟೇ ಮುರಿದು ಉಳಿದ ತುಂಡುಗಳು ನೀರಿನಲ್ಲೇ ಇರಬಹುದು. ನಿಮ್ಮ ಇಂಡಿಗೊ ಒಡೆದಾಗ ಐಸಾಟಿನ್ ಎಂಬ ತುಂಡು ಬರುತ್ತದೆ, ನೀಲಿ ಮಾಯವಾಗುತ್ತದೆ. ಬಟ್ಟೆಗೆ ಹಾಕುವ ಅಜೋ ಬಣ್ಣಗಳು ಅರ್ಧಕ್ಕೆ ಒಡೆದರೆ ಆರೊಮ್ಯಾಟಿಕ್ ಅಮೈನುಗಳು ಹುಟ್ಟಬಹುದು, ಅವುಗಳಲ್ಲಿ ಕೆಲವು ಕ್ಯಾನ್ಸರ್ ತರುವಂಥವು. ಕಣ್ಣಿಗೆ ತಿಳಿಯಾಗಿ ಕಾಣುವ ಈ ನೀರು ಬಣ್ಣದ ನೀರಿಗಿಂತ ಕೆಟ್ಟದ್ದಾಗಿರಬಹುದು, ಏಕೆಂದರೆ ಬಣ್ಣದ ನೀರನ್ನು ಕಂಡರೆ ದನವೂ ಹಿಂದೆ ಸರಿಯುತ್ತದೆ. ಮೂರನೆಯದು, ಅಣು ಪೂರ್ತಿ ಒಡೆದು ಇಂಗಾಲದ ಡಯಾಕ್ಸೈಡ್, ನೀರು ಮತ್ತು ಒಂದಿಷ್ಟು ಲವಣವಾಗುವುದು. ನೀವು ದುಡ್ಡು ಕೊಡಬೇಕಾದದ್ದು ಇದಕ್ಕೆ ಮಾತ್ರ.

ಯಾವುದು ಆಗಿದೆ ಎಂದು ತಿಳಿಯುವುದು ಕಷ್ಟವಲ್ಲ. ಪುಡಿ ಮಾರುವವರನ್ನು ಮತ್ತೆ ಕರೆಸಿ. ಅವರ ಬಾಟಲಿಯ ನೀರು ಬೇಡ, ನಿಮ್ಮ ತೊಟ್ಟಿಯದನ್ನೇ ಎರಡು ಬಾಟಲಿಗೆ ತುಂಬಿ. ಎರಡಕ್ಕೂ ಒಂದೇ ಅಳತೆ ಪುಡಿ ಹಾಕಿಸಿ. ಒಂದನ್ನು ಬಿಸಿಲಲ್ಲಿಡಿ, ಇನ್ನೊಂದನ್ನು ಕಪ್ಪು ಬಟ್ಟೆ ಸುತ್ತಿ ಬೀರುವಿನಲ್ಲಿಡಿ. ಬೀರುವಿನದೂ ತಿಳಿಯಾದರೆ ಅದರಲ್ಲಿ ಬೆಳಕಿನ ಪಾತ್ರವಿಲ್ಲ. ಬಿಸಿಲಿನದು ಮಾತ್ರ ತಿಳಿಯಾದರೆ ಆ ನೀರನ್ನೂ ಮೂಲ ನೀರನ್ನೂ ಮಾನ್ಯತೆ ಪಡೆದ ಲ್ಯಾಬಿಗೆ ಕೊಟ್ಟು ಸಿಓಡಿ ಮತ್ತು ಟಿಓಸಿ ಅಳೆಯಿಸಿ. ಸಿಓಡಿ ಎಂದರೆ ನೀರಿನಲ್ಲಿರುವ ಕೊಳೆಯನ್ನು ರಾಸಾಯನಿಕವಾಗಿ ಉತ್ಕರ್ಷಿಸಲು ಬೇಕಾಗುವ ಆಮ್ಲಜನಕ, ಟಿಓಸಿ ಎಂದರೆ ನೀರಿನಲ್ಲಿ ಉಳಿದಿರುವ ಒಟ್ಟು ಸಾವಯವ ಇಂಗಾಲ. ಬಣ್ಣ ಪೂರ್ತಿ ಹೋಗಿ ಟಿಓಸಿ ಇದ್ದಷ್ಟೇ ಇದ್ದರೆ ತುಂಡುಗಳೆಲ್ಲ ಅಲ್ಲೇ ಇವೆ ಎಂದು ಅರ್ಥ. ಹೊಳೆ, ಕೆರೆಗೆ ಬಿಡುವ ನೀರಿಗೆ ಸಿಓಡಿ ಮಿತಿ ಲೀಟರಿಗೆ 250 ಮಿಲಿಗ್ರಾಂ. ನೋಟಿಸು ಬರುವುದು ಈ ಅಂಕಿಯ ಮೇಲೆಯೂ ಹೌದು.

ಪುಡಿ ಸಾಚಾ ಆಗಿದ್ದರೂ ನಿಮ್ಮ ತೊಟ್ಟಿಗೆ ಅದೊಂದೇ ಸಾಲದು. ನಿಮ್ಮ ನೀರಿನಲ್ಲಿ ಇಂಡಿಗೊ ಮಾತ್ರ ಇಲ್ಲ. ಪ್ಯೂಮಿಸ್ ಕಲ್ಲಿನ ಸವೆದ ಪುಡಿ ಇದೆ, ಗಂಜಿ ತೆಗೆದಾಗ ಬಂದ ಪಿಷ್ಟ, ನೂಲಿನ ಜುಂಗು, ಸೋಪು, ಲವಣ ಇವೆ. ಇಂತಹ ಕದಡಿದ ನೀರಿನಲ್ಲಿ ಬೆಳಕು ಒಂದೆರಡು ಅಂಗುಲ ಇಳಿಯುವುದೂ ಕಷ್ಟ. ಕ್ಲೋರೈಡ್, ಕಾರ್ಬೊನೇಟುಗಳು ಹುಟ್ಟಿದ ಹೈಡ್ರಾಕ್ಸಿಲ್ ರ‍್ಯಾಡಿಕಲ್ಲುಗಳನ್ನು ದಾರಿಯಲ್ಲೇ ತಿಂದುಹಾಕುತ್ತವೆ. ಇಪ್ಪತ್ತು ಮೂವತ್ತು ನ್ಯಾನೊಮೀಟರಿನ ಪುಡಿ ತಾನಾಗಿ ತಳಕ್ಕೆ ಕೂರುವುದಿಲ್ಲ, ಸೋಸಿ ಮರಳಿ ಪಡೆಯುವ ಏರ್ಪಾಡಿಲ್ಲದಿದ್ದರೆ ದುಬಾರಿ ಪುಡಿ ನೀರಿನ ಜೊತೆ ಚರಂಡಿಗೆ ಹೋಗುತ್ತದೆ. ಮೊದಲು ಜಾಲರಿ ಹಾಕಿ, ಕಲ್ಲುಪುಡಿ ಕೂರಿಸಿ, ಆಲಂ ಅಥವಾ ಕಬ್ಬಿಣದ ಲವಣ ಹಾಕಿ ಇಂಡಿಗೊವನ್ನು ಹೆಪ್ಪುಗಟ್ಟಿಸಿ. ಇಂಡಿಗೊ ನೀರಿನಲ್ಲಿ ಕರಗುವ ಬಣ್ಣವಲ್ಲ, ಹಾಗಾಗಿ ಇದರಲ್ಲೇ ಬಹಳಷ್ಟು ಹೋಗುತ್ತದೆ. ಪಿಷ್ಟವನ್ನು ಸೂಕ್ಷ್ಮಜೀವಿಗಳು ಅಗ್ಗದಲ್ಲಿ ತಿನ್ನುತ್ತವೆ. ಬೆಳಕಿನ ವೇಗವರ್ಧಕ ಬೇಕಾಗುವುದು ಇಷ್ಟೆಲ್ಲ ಆದ ಮೇಲೆ, ಸೂಕ್ಷ್ಮಜೀವಿಗಳಿಗೂ ಜೀರ್ಣವಾಗದೆ ಉಳಿದದ್ದನ್ನು ಒಡೆಯುವುದಕ್ಕೆ. ಸ್ಪೇನಿನ ಅಲ್ಮೇರಿಯಾದ ಸೌರ ಸಂಶೋಧನಾ ಕೇಂದ್ರದಲ್ಲಿ ದಶಕಗಳಿಂದ ಇದನ್ನು ನಿಜವಾದ ಬಿಸಿಲಿನಲ್ಲಿ, ದೊಡ್ಡ ಪ್ರಮಾಣದಲ್ಲಿ ಪರೀಕ್ಷಿಸುತ್ತಿದ್ದಾರೆ. ಅವರೂ ನೀರನ್ನು ತೊಟ್ಟಿಯಲ್ಲಿ ನಿಲ್ಲಿಸುವುದಿಲ್ಲ, ಬಾಗಿದ ಕನ್ನಡಿಗಳ ನಡುವಿನ ಗಾಜಿನ ಕೊಳವೆಗಳಲ್ಲಿ ಹರಿಸುತ್ತಾರೆ.

ಒಂಟಿಯಾಗಿ ಇದೆಲ್ಲ ಮಾಡುವುದು ಸಣ್ಣ ಘಟಕಕ್ಕೆ ಹೊರೆ. ನೆರೆಯ ಘಟಕಗಳ ಜೊತೆ ಸೇರಿ ಸಾಮೂಹಿಕ ಶುದ್ಧೀಕರಣಕ್ಕೆ ಒತ್ತಾಯಿಸಿ. ತಿರುಪ್ಪೂರಿನವರು ತಡ ಮಾಡಿದರು. 2011ರಲ್ಲಿ ಮದ್ರಾಸ್ ಹೈಕೋರ್ಟಿನ ಆದೇಶದಿಂದ ಅಲ್ಲಿನ ಬಣ್ಣದ ಘಟಕಗಳು ಬಾಗಿಲು ಹಾಕಬೇಕಾಯಿತು. ಆಗ ಹೆಚ್ಚು ನೊಂದವರು ದಿನಗೂಲಿಯವರು.

ಪಾಲಿಅನಿಲೀನ್ ಮತ್ತು ಟೈಟಾನಿಯಂ ಡಯಾಕ್ಸೈಡ್ ಮಿಶ್ರಣದ ಮೇಲೆ ಪಿಎಚ್‌ಡಿ ಮಾಡುತ್ತಿದ್ದೇನೆ. ಎಲ್‌ಇಡಿ ಬೆಳಕಿನಲ್ಲಿ ಮಿಥಿಲೀನ್ ಬ್ಲೂ ನೂರಕ್ಕೆ 98ರಷ್ಟು ಹೋಗುತ್ತದೆ. ಆದರೂ ಪ್ರಬಂಧ ವಾಪಸ್ ಬಂದಿದೆ. ‘ಇದು ವಿಘಟನೆ ಎನ್ನುವುದಕ್ಕೆ ಪುರಾವೆ ಸಾಲದು’ ಎಂದು ಬರೆದಿದ್ದಾರೆ. ಮುಂದೆ ಏನು ಮಾಡಲಿ?
– ಸಂಶೋಧನಾ ವಿದ್ಯಾರ್ಥಿ, ಕಲಬುರಗಿ

ಬೇಸರ ಮಾಡಿಕೊಳ್ಳಬೇಡಿ, ಪ್ರಬಂಧ ನೋಡಿದವರು ನಿಮಗೆ ಉಪಕಾರ ಮಾಡಿದ್ದಾರೆ. ಬಳ್ಳಾರಿಯವರಿಗೆ ಹೇಳಿದ್ದೇ ನಿಮಗೂ ಅನ್ವಯಿಸುತ್ತದೆ, ಇನ್ನೂ ಬಿಗಿಯಾಗಿ. ಪಾಲಿಅನಿಲೀನ್ ಬಣ್ಣಗಳನ್ನು ಹಿಡಿದಿಟ್ಟುಕೊಳ್ಳುವುದರಲ್ಲಿ ಬಲು ಗಟ್ಟಿ. ಆಮ್ಲೀಯ ನೀರಿನಲ್ಲಿ ಅದಕ್ಕೆ ಧನ ಆವೇಶ, ಮಿಥೈಲ್ ಆರೆಂಜ್, ಕಾಂಗೊ ರೆಡ್‌ನಂತಹ ಋಣ ಆವೇಶದ ಬಣ್ಣಗಳನ್ನು ಎಳೆದುಕೊಳ್ಳುತ್ತದೆ. ಕ್ಷಾರೀಯವಾದರೆ ಮಿಥಿಲೀನ್ ಬ್ಲೂ ಅಂಟುತ್ತದೆ. ಕತ್ತಲಲ್ಲಿ 30 ನಿಮಿಷ ಕಲಕುವುದು ರೂಢಿ, ಅಷ್ಟರಲ್ಲಿ ಅಂಟುವುದು ಮುಗಿಯಿತು ಎನ್ನುವುದಕ್ಕೆ ಖಾತರಿ ಇಲ್ಲ. ಎರಡು ಸಲ ಅಳೆದಾಗ ಒಂದೇ ಅಂಕಿ ಬರುವವರೆಗೆ ಕತ್ತಲಲ್ಲೇ ಮುಂದುವರಿಸಿ. ಪ್ರಯೋಗ ಮುಗಿದ ಮೇಲೆ ಪುಡಿಯನ್ನು ಸೋಸಿ ಎಥನಾಲಿನಲ್ಲಿ ತೊಳೆಯಿರಿ. ತೊಳೆದ ದ್ರವ ನೀಲಿಯಾದರೆ ನಿಮ್ಮ 98ರಲ್ಲಿ ಅಷ್ಟನ್ನು ಕಳೆಯಬೇಕು.

ಇನ್ನೂ ಸೂಕ್ಷ್ಮವಾದದ್ದೊಂದಿದೆ. ಬಣ್ಣವೂ ಬೆಳಕನ್ನು ಹೀರುತ್ತದೆ, ಹೀರಿದ ಮೇಲೆ ತನ್ನ ಎಲೆಕ್ಟ್ರಾನನ್ನು ತಾನೇ ಆಕ್ಸೈಡಿಗೆ ಕೊಟ್ಟು ಒಡೆದುಹೋಗಬಲ್ಲದು. ಆಗ ಬರಿಯ ಟೈಟಾನಿಯಂ ಡಯಾಕ್ಸೈಡ್ ಕೂಡ ಕಾಣುವ ಬೆಳಕಿನಲ್ಲಿ ಕೆಲಸ ಮಾಡಿದಂತೆ ತೋರುತ್ತದೆ. ನಿಮ್ಮ ಪಾಲಿಮರಿನ ಸಾಮರ್ಥ್ಯ ಎಂದು ನೀವು ಬರೆದದ್ದು ಬಣ್ಣದ್ದೇ ಆಗಿರಬಹುದು. ಇದಕ್ಕೆ ಬಣ್ಣವಿಲ್ಲದ ಅಣುವಿನ ಮೇಲೆ ಪ್ರಯೋಗ ಮಾಡಬೇಕು: ಫೀನಾಲ್ ಆಗಬಹುದು, ಸ್ಯಾಲಿಸಿಲಿಕ್ ಆಮ್ಲವೂ ಆಗಬಹುದು. ಎಲ್‌ಇಡಿಯ ತರಂಗಾಂತರ ಮತ್ತು ಬೀಕರಿನ ಮೇಲೆ ಬೀಳುವ ಬೆಳಕಿನ ತೀವ್ರತೆಯನ್ನು ಅಳೆದು ಬರೆಯಿರಿ, ಬರಿ ಇಷ್ಟು ವ್ಯಾಟಿನ ದೀಪ ಎಂದರೆ ಬೇರೆಯವರು ಹೋಲಿಸಿ ನೋಡಲಾರರು. ಸೂಪರಾಕ್ಸೈಡ್ ತಡೆಯಲು ಬೆಂಜೊಕ್ವಿನೋನ್ ಹಾಕುವವರು ಅದೂ ಬೆಳಕು ಹೀರುತ್ತದೆ ಎಂಬುದನ್ನು ಮರೆಯಬಾರದು.

ಪಾಲಿಮರಿನ ಗತಿಯನ್ನೂ ನೋಡಬೇಕು. ಸಿಕ್ಕ ಸಾವಯವ ಅಣುವನ್ನೆಲ್ಲ ಒಡೆಯುವ ರ‍್ಯಾಡಿಕಲ್ಲಿಗೆ ಪಾಲಿಅನಿಲೀನೂ ಸಾವಯವವೇ. ಐದಾರು ಸಲ ಬಳಸಿದ ಮೇಲೆ ಇನ್‌ಫ್ರಾರೆಡ್ ರೋಹಿತ ತೆಗೆದು ಮೊದಲಿನದರ ಜೊತೆ ಇಟ್ಟು ನೋಡಿ. ಬಣ್ಣವಿಲ್ಲದ ಶುದ್ಧ ನೀರಿನಲ್ಲಿ ಪುಡಿಯೊಂದನ್ನೇ ಹಾಕಿ ಬೆಳಕಿಗಿಟ್ಟು ಟಿಓಸಿ ಅಳೆಯಿರಿ. ಅಂಕಿ ಏರಿದರೆ ನಿಮ್ಮ ವೇಗವರ್ಧಕವೇ ನೀರಿಗೆ ಕೊಳೆ ಬಿಡುತ್ತಿದೆ. ಈ ಪರೀಕ್ಷೆ ಕಾಣುವ ಪ್ರಬಂಧಗಳು ಬಹಳ ವಿರಳ, ಹಾಗಾಗಿ ನಿಮ್ಮದರಲ್ಲಿ ಇದ್ದರೆ ಅದಕ್ಕೇ ಒಂದು ತೂಕ. ಕೊನೆಗೆ 98 ಇಳಿದು 40 ಆದರೆ 40 ಎಂದೇ ಬರೆಯಿರಿ. ಆ 40ರ ಮೇಲೆ ಇನ್ನೊಬ್ಬರು ಕಟ್ಟಬಹುದು.

ನಮ್ಮ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಇದೆ. ಹಲ್ಲು ಹಳದಿಯಾದ ಮಕ್ಕಳು ಮನೆಮನೆಯಲ್ಲಿದ್ದಾರೆ. ಬಿಸಿಲಿನಿಂದ ನೀರು ಶುದ್ಧವಾಗುವುದಾದರೆ ನಮ್ಮಲ್ಲಿ ಬಿಸಿಲಿಗೆ ಬರವಿಲ್ಲ ಅಕ್ಕ.
– ಅಂಗನವಾಡಿ ಕಾರ್ಯಕರ್ತೆ, ಪಾವಗಡ

ತಂಗಿ, ಇದರಿಂದ ಫ್ಲೋರೈಡ್ ಹೋಗುವುದಿಲ್ಲ, ಯಾರಾದರೂ ಹೋಗುತ್ತದೆ ಎಂದರೆ ನಂಬಬೇಡಿ. ಅಣುವನ್ನು ಒಡೆಯಬಹುದು, ಫ್ಲೋರೈಡ್ ಒಡೆಯುವುದಕ್ಕೆ ಅಣುವೇ ಅಲ್ಲ, ಒಂದು ಮೂಲವಸ್ತುವಿನ ಅಯಾನು. ಅದನ್ನು ನೀರಿನಿಂದ ಹಿಡಿದು ಹೊರತೆಗೆಯಬೇಕಷ್ಟೆ. ಅದಕ್ಕೆ ಆಕ್ಟಿವೇಟೆಡ್ ಅಲ್ಯೂಮಿನಾ ಸೋಸುಕ, ಆಲಂ ಮತ್ತು ಸುಣ್ಣ ಬಳಸುವ ನಲ್ಗೊಂಡ ವಿಧಾನ, ಆರ್‌ಓ ಇವೆ. ಕಾಯಿಸಿದರೂ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಫ್ಲೋರೈಡ್ ಸಾಂದ್ರವಾಗುತ್ತದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಒಪ್ಪಿತ ಮಿತಿ, ಬೇರೆ ಮೂಲವೇ ಇಲ್ಲದಿದ್ದರೆ 1.5. ನಿಮ್ಮ ಬೋರ್‌ವೆಲ್ಲಿನ ಅಂಕಿ ಎಷ್ಟು ಎಂದು ಪಂಚಾಯ್ತಿಯಿಂದ ಬರಹದಲ್ಲಿ ಕೇಳಿ ಪಡೆಯಿರಿ. ಮಳೆನೀರು ಹಿಡಿದಿಡಲು ಜಾಗವಿದ್ದರೆ ಅಂಗನವಾಡಿಯ ಅಡುಗೆಗೂ ಕುಡಿಯಲೂ ಅದೇ ಎಲ್ಲಕ್ಕಿಂತ ಒಳ್ಳೆಯದು.

ಬಿಸಿಲಿನಿಂದ ಆಗುವ ಒಂದು ಉಪಕಾರವನ್ನೂ ಹೇಳುತ್ತೇನೆ. ತಿಳಿಯಾದ ನೀರನ್ನು ಪಾರದರ್ಶಕ ಪೆಟ್ ಬಾಟಲಿಯಲ್ಲಿ ತುಂಬಿ ಆರು ಗಂಟೆ ನೇರ ಬಿಸಿಲಲ್ಲಿ ಮಲಗಿಸಿಟ್ಟರೆ ಭೇದಿ ತರುವ ರೋಗಾಣುಗಳು ಸಾಯುತ್ತವೆ. ಮೋಡವಿದ್ದರೆ ಎರಡು ದಿನ ಬೇಕು. ಇದಕ್ಕೆ ಯಾವ ಪುಡಿಯೂ ಬೇಡ. ರೋಗಾಣುಗಳಿಗೆ ಮಾತ್ರ ಇದು, ಫ್ಲೋರೈಡಿಗಲ್ಲ.

ಬೆಳ್ಳಂದೂರು ಕೆರೆಗೆ ಈ ಪುಡಿ ಚೆಲ್ಲಿದರೆ ನೊರೆ ಹೋಗುವುದಿಲ್ಲವೇ?
– ಐಟಿ ಉದ್ಯೋಗಿ, ಬೆಂಗಳೂರು

ಇಲ್ಲ. ಆ ನೊರೆಯ ಮೂಲ ಕೆರೆಗೆ ಸೇರುವ ಕೊಳಚೆಯಲ್ಲಿರುವ ಡಿಟರ್ಜೆಂಟ್. ಮೇಲೆ ಒಂದಷ್ಟು ಒಡೆದರೂ ದಿನವೂ ಹೊಸದು ಬಂದು ಸೇರುತ್ತದೆ, ಬೆಳಕು ಆಳಕ್ಕೆ ಹೋಗುವುದಿಲ್ಲ, ಚೆಲ್ಲಿದ ಪುಡಿ ಹೂಳಿನಲ್ಲಿ ಉಳಿದುಬಿಡುತ್ತದೆ. ಕೊಳಚೆಯನ್ನು ಕೆರೆಗೆ ಬರುವ ಮೊದಲೇ ಶುದ್ಧ ಮಾಡುವುದನ್ನು ಬಿಟ್ಟು ಬೇರೆ ದಾರಿ ನನಗೆ ಕಾಣುವುದಿಲ್ಲ.

ತಾನೇ ಸ್ವಚ್ಛವಾಗುವ ಕಿಟಕಿ ಗಾಜು ಎಂದು ಇಲ್ಲಿ ಜಾಹೀರಾತು ನೋಡಿದೆ. ನಿಜವೇ?
– ಕನ್ನಡಿಗರೊಬ್ಬರು, ದುಬೈ

ನಿಜ. 2001ರಲ್ಲೇ ಪಿಲ್ಕಿಂಗ್ಟನ್ ಕಂಪನಿ ಅಂತಹ ಗಾಜನ್ನು ಮಾರುಕಟ್ಟೆಗೆ ತಂದಿತು. ಅದರ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ಟೈಟಾನಿಯಂ ಡಯಾಕ್ಸೈಡ್ ಪೊರೆಯಿದೆ. ಬಿಸಿಲಿಗೆ ಅದು ಜಿಡ್ಡನ್ನು ಒಡೆಯುತ್ತದೆ. ನೀರು ಹನಿಯಾಗಿ ನಿಲ್ಲದೆ ಹಾಳೆಯಾಗಿ ಹರಡಿ ಇಳಿದು ಉಳಿದದ್ದನ್ನು ಕೊಚ್ಚಿಕೊಂಡು ಹೋಗುತ್ತದೆ. ಹಾಗಾಗಿ ಅದಕ್ಕೆ ಮಳೆಯೂ ಬೇಕು. ಮರಳಿನ ಧೂಳು ಸಾವಯವವಲ್ಲ, ಅದನ್ನು ಯಾವ ಬೆಳಕೂ ಒಡೆಯದು. ನಿಮ್ಮೂರಿನಲ್ಲಿ ಆಗಾಗ ಪೈಪಿನಿಂದ ನೀರು ಹಾಯಿಸಬೇಕಾದೀತು.

ನೀರನ್ನು ಬಿಸಿಲಿನಿಂದ ಒಡೆದು ಜಲಜನಕ ಪಡೆಯುವುದು ಎಲ್ಲಿಗೆ ಬಂತು?
– ಇಂಜಿನಿಯರ್, ಶಿವಮೊಗ್ಗ

ಆಶೆಗೂ ಲೆಕ್ಕಕ್ಕೂ ಇನ್ನೂ ದೂರವಿದೆ, ಆದರೂ ಹೆಜ್ಜೆಗಳು ನಿಜವಾದವು. ಜಪಾನಿನ ಕಜುನಾರಿ ದೋಮೆನ್ ಅವರ ತಂಡ ಅಲ್ಯೂಮಿನಿಯಂ ಬೆರೆಸಿದ ಸ್ಟ್ರಾನ್ಷಿಯಂ ಟೈಟನೇಟ್ ಹಾಳೆಗಳನ್ನು 100 ಚದರ ಮೀಟರ್ ಹರಡಿ, ತಿಂಗಳುಗಟ್ಟಲೆ ಬಯಲಿನಲ್ಲಿ ಜಲಜನಕ ತೆಗೆದದ್ದನ್ನು 2021ರಲ್ಲಿ ಪ್ರಕಟಿಸಿತು. ಸೌರಶಕ್ತಿ ಜಲಜನಕವಾದ ಪ್ರಮಾಣ ಗರಿಷ್ಠ ಶೇ 0.76. ಅದೇ ವಸ್ತು ತಾನು ಹೀರುವ ನೇರಳಾತೀತ ಬೆಳಕನ್ನು ಹೆಚ್ಚುಕಡಿಮೆ ಪೂರ್ತಿಯಾಗಿ ಬಳಸಿಕೊಳ್ಳುತ್ತದೆ. ಕೊರತೆಯಿರುವುದು ಕಾಣುವ ಬೆಳಕಿನಲ್ಲಿ. ಪಾಲಿಮರುಗಳ ಮೇಲೆ ನನಗೆ ಭರವಸೆ ಇರುವುದು ಅದಕ್ಕೇ. ಮೆಲಮೈನ್ ಅಥವಾ ಯೂರಿಯಾವನ್ನು ಕಾಯಿಸಿ ಪಡೆಯುವ ಕಾರ್ಬನ್ ನೈಟ್ರೈಡ್ ಎಂಬ ಹಳದಿ ಪಾಲಿಮರ್ ಕಾಣುವ ಬೆಳಕಿನಲ್ಲೇ ನೀರಿನಿಂದ ಜಲಜನಕ ಬಿಡಿಸುತ್ತದೆ ಎಂದು 2009ರಲ್ಲಿ ತಿಳಿಯಿತು. ಅದರಲ್ಲಿ ಲೋಹವೇ ಇಲ್ಲ. ಆದರೆ ಅದಕ್ಕೆ ಪ್ಲಾಟಿನಂನ ಚೂರು ಆಸರೆ ಬೇಕು, ಎಲೆಕ್ಟ್ರಾನ್ ಕೊಡುವ ಇನ್ನೊಂದು ರಾಸಾಯನಿಕವನ್ನು ಬಲಿ ಕೊಡಬೇಕು. ಈ ಎರಡು ಊರುಗೋಲುಗಳನ್ನು ಬಿಡಿಸುವ ಕೆಲಸ ಇನ್ನೂ ನಡೆದಿದೆ.

ನಮ್ಮ ಪ್ರೌಢಶಾಲೆಯ ಮಕ್ಕಳಿಗೆ ಇದನ್ನು ಮಾಡಿ ತೋರಿಸಬಹುದೇ? ಪ್ರಯೋಗಾಲಯವೆಂದರೆ ಒಂದು ಬೀರು, ಅಷ್ಟೆ.
– ವಿಜ್ಞಾನ ಶಿಕ್ಷಕಿ, ಶಿರಸಿ

ಖಂಡಿತ. ಮೀನು ಸಾಕುವವರ ಅಂಗಡಿಯಲ್ಲಿ ಮಿಥಿಲೀನ್ ಬ್ಲೂ ಸಿಗುತ್ತದೆ. ಔಷಧದ ಅಂಗಡಿಯಲ್ಲಿ ಜಿಂಕ್ ಆಕ್ಸೈಡ್ ಪುಡಿ ಕೇಳಿ, ಮುಲಾಮು ಬೇಡ. ಗಾಜಿನ ಲೋಟದ ಆಚೆ ಇಟ್ಟ ಪತ್ರಿಕೆಯ ಅಕ್ಷರ ಓದುವಷ್ಟು ತೆಳುವಾಗಿ ನೀಲಿ ನೀರು ಮಾಡಿ ನಾಲ್ಕು ಲೋಟಗಳಿಗೆ ಸಮನಾಗಿ ಹಾಕಿ. ಎರಡಕ್ಕೆ ಕಾಲು ಚಮಚ ಪುಡಿ, ಎರಡಕ್ಕೆ ಏನೂ ಬೇಡ. ಪುಡಿ ಹಾಕಿದ್ದೊಂದು, ಹಾಕದ್ದೊಂದು ಬಿಸಿಲಿಗೆ. ಉಳಿದೆರಡು ಬೀರುವಿಗೆ. ನಾಲ್ಕನ್ನೂ ಹತ್ತು ನಿಮಿಷಕ್ಕೊಮ್ಮೆ ಒಂದೇ ರೀತಿ ಕಲಕಿ. ಬಿಸಿಲಿಗೆ ಬೇಸಿಗೆಯ ಮಧ್ಯಾಹ್ನವನ್ನೇ ಆರಿಸಿಕೊಳ್ಳಿ, ನಿಮ್ಮ ಮಳೆಗಾಲ ಇದಕ್ಕೆ ಆಗದು. ಕೈಗವಸು ಹಾಕಿಸಿ, ಬಣ್ಣ ಚರ್ಮಕ್ಕೂ ಸಮವಸ್ತ್ರಕ್ಕೂ ಹತ್ತಿದರೆ ಬೇಗ ಬಿಡದು.

ಪುಡಿ ಹಾಕಿ ಬಿಸಿಲಲ್ಲಿಟ್ಟದ್ದು ಮೊದಲು ತಿಳಿಯಾಗಬೇಕು. ಪುಡಿಯಿಲ್ಲದೆ ಬಿಸಿಲಲ್ಲಿಟ್ಟದ್ದೂ ಸ್ವಲ್ಪ ಮಾಸುತ್ತದೆ, ಅದನ್ನು ಮಕ್ಕಳು ತಾವೇ ಗಮನಿಸುವವರೆಗೆ ಹೇಳಬೇಡಿ. ಆಮೇಲೆ ತಿಳಿಯಾದ ನೀರನ್ನು ಅರ್ಧ ಬಾಟಲಿಗೆ ಸುರಿದು, ಮುಚ್ಚಳ ಹಾಕಿ, ಒಳಗಿನ ಗಾಳಿ ಬೆರೆಯುವಂತೆ ಜೋರಾಗಿ ಕುಲುಕಿಸಿ. ಮಿಥಿಲೀನ್ ಬ್ಲೂಗೆ ಒಡೆಯದೆಯೇ ಬಣ್ಣ ಕಳೆದುಕೊಳ್ಳುವ ಇನ್ನೊಂದು ರೂಪವಿದೆ, ಗಾಳಿ ತಾಗಿದರೆ ಅದು ಮತ್ತೆ ನೀಲಿಯಾಗುತ್ತದೆ. ಕುಲುಕಿದ ಮೇಲೂ ನೀಲಿ ಮರಳದಿದ್ದರೆ ಆ ಅನುಮಾನ ಕಳೆಯಿತು. ಆಗ ತಳದ ಪುಡಿಯನ್ನು ತೆಗೆದು ನೋಡಲಿ, ಬೆಳ್ಳಗಿದೆಯೋ ನೀಲಿಯಾಗಿದೆಯೋ ಎಂದು. ಮುಗಿದ ಮೇಲೆ ಪುಡಿಯನ್ನು ದಪ್ಪ ಬಟ್ಟೆಯಲ್ಲಿ ಸೋಸಿ ಬೇರೆ ಇಡಿ, ಬಾವಿಯ ಹತ್ತಿರ ಚೆಲ್ಲಬೇಡಿ. ಮಕ್ಕಳು ಬರೆದುಕೊಂಡ ಟಿಪ್ಪಣಿಗಳನ್ನು ನನಗೆ ಕಳಿಸಿಕೊಡಿ, ಸರಿ ಬಾರದ ಲೋಟಗಳದ್ದನ್ನೂ ಸೇರಿಸಿ.